ಬೆಳಕು ಹೇಳದ ಬಣ್ಣ

ಬಣ್ಣದಕ್ಕನಿಗೆ ಅನುಮಾನ ಹುಟ್ಟಲು ದೊಡ್ಡ ಕಾರಣವೇನೂ ಬೇಕಿರಲಿಲ್ಲ. ಸ್ಟುಡಿಯೋದ ಲಿಫ್ಟು ಕೆಟ್ಟರೆ ಯಾರೋ ಬೇಕಂತಲೇ ಕೆಡಿಸಿದ್ದಾರೆ ಎನ್ನುವವಳು ಅವಳು. ಯಾರಾದರೂ ಎರಡು ಸಲ ಊಟ ಆಯ್ತಾ ಎಂದು ಕೇಳಿದರೆ, ಇವರಿಗೆ ನನ್ನಿಂದ ಏನೋ ಆಗಬೇಕಿದೆ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುವವಳು. ಹೀಗೆ ಅನುಮಾನಿಸಿದ್ದು ಆಗೊಮ್ಮೆ ಈಗೊಮ್ಮೆ ನಿಜವೂ ಆಗಿಬಿಡುತ್ತಿದ್ದರಿಂದ ರೋಗ ವಾಸಿಯಾಗುವ ಹಾಗಿರಲಿಲ್ಲ. ಆದರೆ ಆ ದಿನ ಗಾಳಿ ಬಂದು ಅವಳ ಮೇಜಿನ ಪಕ್ಕ ನಿಂತು ಹೇಳಿದ ಮಾತು ಎಂಥ ಸಾಧುವಿನ ತಲೆಗೂ ಹುಳ ಬಿಡುವಂಥದ್ದು.

ಗಾಳಿ ಎಂದರೆ ಮನುಷ್ಯನೇ. ನಿರ್ದೇಶಕರು ಹೇಳಿದ್ದನ್ನು ವಿಭಾಗದಿಂದ ವಿಭಾಗಕ್ಕೆ ಹೊತ್ತು ತಿರುಗುವ ಮ್ಯಾನೇಜರು. ಒಂದು ಕಡೆ ನಿಂತದ್ದನ್ನು ಯಾರೂ ಕಂಡವರಿಲ್ಲ, ಅದಕ್ಕೇ ಆ ಹೆಸರು.

"ಅಕ್ಕಾ, ಕ್ಯಾಪ್ಟನ್ನಿಗೆ ಇನ್ನೊಂದು ಮೈಬಣ್ಣ ಬೇಕಂತೆ. ಈಗಿರೋದಕ್ಕಿಂತ ಚೆನ್ನಾಗಿ ತಿಳಿ ಮಾಡಬೇಕಂತೆ."

"ಯಾವ ಬೆಳಕಿಗೆ?"

"ಬೆಳಕೇನೂ ಹೇಳಲಿಲ್ಲ."

"ಅವರು ಹೇಳಲಿಲ್ವೋ, ನೀನು ಕೇಳಲಿಲ್ವೋ?"

"ಕೇಳ್ದೆ ಅಕ್ಕಾ. ಬೆಳಕು ಅಂತೇನೂ ಇಲ್ಲ, ಬರೀ ಬಣ್ಣ ಸಾಕು ಅಂದ್ರು." ಇಷ್ಟು ಹೇಳಿ ಅವನು ಬಾಗಿಲು ದಾಟಿದ್ದ.

ಬಣ್ಣದಕ್ಕನ ಕೈ ಇದ್ದಲ್ಲೇ ನಿಂತಿತು.

ಅವರು ಮಾಡುತ್ತಿದ್ದದ್ದು ಒಂದು ಆನಿಮೆ ಸಿನಿಮಾ, ಅಂದರೆ ಜಪಾನಿನ ಧಾಟಿಯ ಕಾರ್ಟೂನು. ಗ್ರಹಗ್ರಹಗಳ ನಡುವೆ ಯುದ್ಧ, ಆಕಾಶದಲ್ಲಿ ತೇಲುವ ಹಡಗುಗಳು, ಮುಖದ ಅರ್ಧ ಕಣ್ಣೇ ಆಗಿರುವ ಸೈನಿಕರು. ಇಂಥ ಸಿನಿಮಾದಲ್ಲಿ ಗೆರೆ ಎಳೆಯುವವರು ಬೇರೆ, ಗೆರೆಯೊಳಗೆ ಬಣ್ಣ ತುಂಬುವವರು ಬೇರೆ, ಯಾವುದಕ್ಕೆ ಯಾವ ಬಣ್ಣ ಎಂದು ತೀರ್ಮಾನಿಸುವವರು ಬೇರೆ. ತೀರ್ಮಾನಿಸುವವಳು ಬಣ್ಣದಕ್ಕ. ಒಂದೊಂದು ಪಾತ್ರಕ್ಕೂ ಮೊದಲು ಒಂದು ಹುಟ್ಟುಬಣ್ಣ ಗೊತ್ತುಮಾಡಬೇಕು. ಅದು ಅವರ ಸ್ವಂತ ಮೈಬಣ್ಣ. ಆಮೇಲೆ ಅದೇ ಮೈ ಕತ್ತಲಲ್ಲಿ ಹೇಗೆ ಕಾಣುತ್ತದೆ, ಬೆಂಕಿಯ ಮುಂದೆ ಹೇಗೆ, ಹಡಗಿನ ಕೆಂಪು ದೀಪದ ಕೆಳಗೆ ಹೇಗೆ ಎಂದು ಒಂದೊಂದು ಬೆಳಕಿಗೂ ಒಂದೊಂದು ಬಣ್ಣದ ಹಾಳೆ. ಯಾವ ಹಾಳೆ ಕೇಳುವುದಾದರೂ ಬೆಳಕು ಯಾವುದೆಂದು ಹೇಳಿಯೇ ಕೇಳಬೇಕು. ಬೆಳಕು ಹೇಳದ ಬಣ್ಣಗಳು ಎರಡೇ. ಒಂದು ಹುಟ್ಟುಬಣ್ಣ, ಇನ್ನೊಂದು ಹೆಣದ ಬಣ್ಣ. ಸತ್ತವರಿಗೆ ಯಾವ ಬೆಳಕಾದರೇನು ಎಂದೋ ಏನೋ, ಆ ಸ್ಟುಡಿಯೋದಲ್ಲಿ ಮೊದಲಿನಿಂದಲೂ ಹಾಗೇ ನಡೆದುಬಂದಿತ್ತು.

ಕ್ಯಾಪ್ಟನ್ನಿಗೆ ಹುಟ್ಟುಬಣ್ಣ ಕೊಟ್ಟು ವರ್ಷದ ಮೇಲಾಗಿತ್ತು. ಒಮ್ಮೆ ಹುಟ್ಟಿದವರು ಇನ್ನೊಮ್ಮೆ ಹುಟ್ಟುವುದಿಲ್ಲ. ಹಾಗಾದರೆ ಈಗ ಕೇಳುತ್ತಿರುವುದು ಯಾವುದು? ಅದನ್ನು ತಿಳಿಯಲು ಜ್ಯೋತಿಷ್ಯ ಬೇಕಿರಲಿಲ್ಲ. ಕ್ಯಾಪ್ಟನ್ನನ್ನು ಸಾಯಿಸುತ್ತಾರೆ.

ಸಾಯಿಸಿದರೆ ಸಾಯಿಸಲಿ, ಸಿನಿಮಾ ತಾನೆ ಎಂದು ಬೇರೆ ಯಾರಾದರೂ ಟೀ ಕುಡಿಯಲು ಎದ್ದು ಹೋಗುತ್ತಿದ್ದರು. ಬಣ್ಣದಕ್ಕ ಹೋಗುವ ಹಾಗಿರಲಿಲ್ಲ. ಯಾಕೆಂದರೆ ಆ ಕ್ಯಾಪ್ಟನ್ ಅವಳ ಒಡಹುಟ್ಟಿದ ತಂಗಿ.

ತಂಗಿ ಸಿಟಿ ಬಸ್ಸಿನ ಡ್ರೈವರು. ಪಾತ್ರಗಳಿಗೆ ಮುಖ ಬರೆಯುವ ಮೂಗಣ್ಣ (ಯಾವ ಮುಖವನ್ನೂ ಮೂಗಿನಿಂದಲೇ ಶುರುಮಾಡುವ ಆಸಾಮಿ) ಒಂದು ದಿನ ಸ್ಕೂಟರು ಕೆಟ್ಟು ಅವಳ ಬಸ್ಸು ಹತ್ತಿದ್ದ. ಅಡ್ಡ ಬಂದ ಲಾರಿಯವನಿಗೆ ಆಕೆ ಕಿಟಕಿಯಿಂದ ತಲೆ ಹಾಕಿ ಮಾಡಿದ ಮಂಗಳಾರತಿ ಕೇಳಿ, ಇಳಿಯಬೇಕಾದ ಸ್ಟಾಪು ಮರೆತು ಡಿಪೋ ತನಕ ಹೋಗಿದ್ದ. ಮಾರನೆಯ ದಿನ ಅವನ ಮೇಜಿನ ಮೇಲೆ ಆಕಾಶಹಡಗಿನ ಕ್ಯಾಪ್ಟನ್ ತಯಾರಾಗಿದ್ದಳು. ಅಗಲ ಮೂಗು, ದಪ್ಪ ತುಟಿ, ಯಾರಪ್ಪನಿಗೂ ಹೆದರದ ಕಣ್ಣು. ಅದು ಯಾರೆಂದು ಬಣ್ಣದಕ್ಕ ನೋಡಿದ ಕೂಡಲೇ ಗುರುತು ಹಿಡಿದಳು. ಆಗ ಮೂಗಣ್ಣನಿಗೇ ಅದು ಇವಳ ತಂಗಿ ಎಂದು ಗೊತ್ತಿರಲಿಲ್ಲ; ಇವಳು ಹೇಳಿದ ಮೇಲೆ ಸ್ಟುಡಿಯೋಗೆಲ್ಲ ಗೊತ್ತಾಯಿತು.

ಅಕ್ಕನದು ಅಪ್ಪನ ಬಣ್ಣ, ತಂಗಿಯದು ಅಮ್ಮನ ಬಣ್ಣ. ಒಳ್ಳೆ ಎಣ್ಣೆಗಪ್ಪು. ಚಿಕ್ಕಂದಿನಲ್ಲಿ ಇಬ್ಬರೂ ಕೈ ಹಿಡಿದು ಹೋಗುತ್ತಿದ್ದರೆ, "ಇವಳು ನಿನ್ನ ಸ್ವಂತ ತಂಗೀನಾ?" ಎಂದು ಕೇಳದ ಮಹಾತಾಯಿಯೇ ಬೀದಿಯಲ್ಲಿರಲಿಲ್ಲ. ತಂಗಿ ನಕ್ಕು ಸುಮ್ಮನಾಗುತ್ತಿದ್ದಳು, ಅಕ್ಕ ಮನೆಗೆ ಬಂದು ಅಳುತ್ತಿದ್ದಳು. ಅದಕ್ಕೇ ಕ್ಯಾಪ್ಟನ್ನಿನ ಹುಟ್ಟುಬಣ್ಣಕ್ಕೆ ಬಣ್ಣದಕ್ಕ ಪಟ್ಟ ಪಾಡು ಅಷ್ಟಿಷ್ಟಲ್ಲ. ರಜೆಯ ದಿನ ಬೆಳಗ್ಗೆ ತಂಗಿಯನ್ನು ಕಿಟಕಿ ಪಕ್ಕ ಕೂರಿಸಿ, ಕೆನ್ನೆಯ ಹತ್ತಿರ ಬಣ್ಣದ ಚೀಟಿ ಹಿಡಿದು ಹಿಡಿದು ನೋಡಿದ್ದಳು. ಕಪ್ಪು ಎಂದರೆ ಬರೀ ಕಪ್ಪಲ್ಲ. ಒಳಗೊಂದು ಕೆಂಪು, ಅದರೊಳಗೊಂದು ಜೇನು. "ನಾನೇನು ಗೋಡೆನಾ? ಬೇಗ ಮುಗಿಸೇ, ಹಸಿವಾಗ್ತಿದೆ" ಎಂದು ತಂಗಿ ಬೈದರೂ ಬಿಟ್ಟಿರಲಿಲ್ಲ. ಕೊನೆಗೆ ಬಣ್ಣ ಕೂಡಿಬಂದಾಗ ಅವಳಿಗೆ ಆದ ಖುಷಿ ಅಷ್ಟು ವರ್ಷದ ಕೆಲಸದಲ್ಲಿ ಯಾವತ್ತೂ ಆಗಿರಲಿಲ್ಲ.

ಆ ಸಂಜೆ ಮನೆಗೆ ಬಂದಾಗ ತಂಗಿ ಯೂನಿಫಾರಮ್ಮಿನಲ್ಲೇ ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು ಕೂತಿದ್ದಳು.

"ಏನೇ, ಮುಖ ಇಂಗು ತಿಂದ ಮಂಗನ ಥರ ಇದೆ?"

ಬಣ್ಣದಕ್ಕ ಹೇಳಬಾರದೆಂದೇ ಇದ್ದಳು. ಆದರೆ ಅವಳ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ, ತಂಗಿಯ ಮುಂದಂತೂ ಇಲ್ಲವೇ ಇಲ್ಲ. ಎಲ್ಲ ಕೇಳಿ ತಂಗಿ ತೊಡೆ ತಟ್ಟಿಕೊಂಡು ನಕ್ಕಳು.

"ನಾನು ಮೊದಲೇ ಹೇಳಿರಲಿಲ್ವಾ? ಯುದ್ಧದ ಪಿಕ್ಚರಲ್ಲಿ ನಮ್ಮಂಥವರು ಯಾತಕ್ಕೆ ಇರ್ತಾರೆ ಹೇಳು. ತುಂಬ ಒಳ್ಳೆಯವರಾಗಿರ್ತಾರೆ. ಜೋಕ್ ಹೇಳ್ತಾರೆ. ಮನೇಲಿರೋ ಮಗು ಫೋಟೋ ತೆಗೆದು ತೋರಿಸ್ತಾರೆ. ಫೋಟೋ ಹೊರಗೆ ಬಂತು ಅಂದ್ರೆ ಮುಗೀತು, ಮುಂದಿನ ಸೀನಲ್ಲಿ ಗುಂಡು. ಆಮೇಲೆ ಬೆಳ್ಳಗಿರೋ ಹೀರೋ ನಮ್ಮ ತಲೆ ತೊಡೆ ಮೇಲಿಟ್ಕೊಂಡು ಗೋಳೋ ಅಂತಾನೆ. ಅವನಿಗೆ ಅಳೋಕೆ ಒಂದು ಹೆಣ ಬೇಕಲ್ಲ, ಅದಕ್ಕೆ ನಾವು."

"ನಿನ್ನ ಹತ್ರ ಯಾವ ಫೋಟೋನೂ ಇಲ್ಲ."

"ಜೋಕು?"

ಕ್ಯಾಪ್ಟನ್ ಊಟದ ಕೋಣೆಯಲ್ಲಿ ಇಡೀ ಪಡೆಯನ್ನು ನಗಿಸುವ ದೃಶ್ಯವೊಂದಿತ್ತು. ಬಣ್ಣದಕ್ಕನೇ ಅದಕ್ಕೆ ಬಣ್ಣ ಕೊಟ್ಟಿದ್ದಳು. "ಒಂದೇ ಒಂದು ಇದೆ" ಎಂದಳು.

"ನೋಡಿದ್ಯಾ!" ತಂಗಿ ಮತ್ತೆ ನಕ್ಕಳು. ಆದರೆ ನಗು ಬೇಗ ನಿಂತಿತು. ಟವೆಲಿನಿಂದ ಕಾಲು ಒರೆಸಿಕೊಳ್ಳುತ್ತ ಬೇರೆಯೇ ದನಿಯಲ್ಲಿ ಹೇಳಿದಳು: "ಡಿಪೋದಲ್ಲಿ ಎಲ್ಲರಿಗೂ ಹೇಳ್ಬಿಟ್ಟಿದ್ದೀನಿ ಕಣೆ. ಕಂಡಕ್ಟರುಗಳು, ಗ್ಯಾರೇಜಿನವರು ಎಲ್ಲ ಬರ್ತಾರಂತೆ. ನಮ್ಮಂಥ ಮುಖ ತೆರೆ ಮೇಲೆ ಹಡಗು ಓಡಿಸೋದನ್ನ ನಾನಂತೂ ನೋಡಿಲ್ಲ. ಪಾತ್ರೆ ತೊಳೆಯೋದು ನೋಡಿದ್ದೀನಿ, ಸಾಯೋದು ನೋಡಿದ್ದೀನಿ. ಒಂದ್ಸಲ ಗೆಲ್ಲೋದು ನೋಡೋಣ ಅಂತ ಆಸೆ, ಅಷ್ಟೇ."

ತಂಗಿ ಹುಟ್ಟಿದಾಗಿನಿಂದ ಅಕ್ಕನ ಹತ್ತಿರ ಏನನ್ನೂ ಹೀಗೆ ಬಾಯಿಬಿಟ್ಟು ಕೇಳಿದವಳಲ್ಲ. ಹೇಗಾದರೂ ಸರಿ, ಇವಳನ್ನು ಸಾಯಲು ಬಿಡುವುದಿಲ್ಲ ಎಂದು ಬಣ್ಣದಕ್ಕ ಅಲ್ಲೇ ನಿಶ್ಚಯ ಮಾಡಿಕೊಂಡಳು.

ಆದರೆ ಮೊದಲು ಯಾರ ಕುತಂತ್ರ ಇದು ಎಂದು ತಿಳಿಯಬೇಕಲ್ಲ. ಸಿನಿಮಾದ ಕೊನೆ ಸ್ಟುಡಿಯೋದಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಿರ್ದೇಶಕರು ಇಡೀ ಕತೆಯನ್ನು ಚೌಕ ಚೌಕವಾಗಿ ಚಿತ್ರ ಬರೆದು ಕೊಡುವವರು. ಮೊದಲ ಭಾಗಕ್ಕೆ ಬಣ್ಣ ತುಂಬುತ್ತಿರುವಾಗ ಕೊನೆಯ ಭಾಗ ಇನ್ನೂ ಅವರ ತಲೆಯಲ್ಲೇ ಇರುತ್ತಿತ್ತು. ಅವರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಪೆನ್ಸಿಲ್ ಹೇಗೆ ಹಿಡಿಯಬೇಕು ಎಂದು ಕೇಳಿದರೂ ಮನುಕುಲದ ಇತಿಹಾಸದಿಂದ ಶುರುಮಾಡುವ ಮನುಷ್ಯ.

ಅನುಮಾನದ ಕನ್ನಡಕ ಹಾಕಿಕೊಂಡ ಮೇಲೆ ಕಾಣದ್ದೆಲ್ಲ ಕಾಣತೊಡಗಿತು. ಗಾಳಿ ಕೇಳದೆಯೇ ಟೀ ತಂದಿಟ್ಟು ಹೋದ. ಯಾಕೆ? ಎಂದೂ ಮುಗುಳ್ನಗದ ಮೇಷ್ಟ್ರು ಕಾರಿಡಾರಿನಲ್ಲಿ ಮುಗುಳ್ನಕ್ಕರು. ಯಾಕೆ? ಮೂಗಣ್ಣನ ಬಳಿ ಹೋಗಿ, "ಕ್ಯಾಪ್ಟನ್ ವಿಷಯ ಏನಾದ್ರೂ ಗೊತ್ತೇನಪ್ಪಾ?" ಎಂದು ಸುಮ್ಮನೆ ಕೇಳಿದ್ದಕ್ಕೆ, "ನಾನೇನೂ ಮಾಡಿಲ್ಲ ಅಕ್ಕಾ, ನಾನು ಬರೆದಿದ್ದು ಬರೆದ ಹಾಗೇ ಇದೆ" ಎಂದು ರಬ್ಬರಿನಿಂದ ಏನೂ ಇಲ್ಲದ ಹಾಳೆಯನ್ನು ಉಜ್ಜತೊಡಗಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನು ಮಾಡಿದ್ದು ಅದನ್ನೇ.

ಹಿಂದಿನ ವಾರ ಸಿನಿಮಾ ಕೊಳ್ಳುವವರ ಕಡೆಯಿಂದ ಒಂದಿಷ್ಟು ಜನ ಇಸ್ತ್ರಿ ಮಾಡಿದ ಬಟ್ಟೆಯಲ್ಲಿ ಬಂದು ಹೋಗಿದ್ದು ಅವಳಿಗೆ ನೆನಪಾಯಿತು. ಗೋಡೆಯ ಮೇಲೆ ಅಂಟಿಸಿದ್ದ ಪಾತ್ರಗಳನ್ನೆಲ್ಲ ನೋಡಿ, ಎಷ್ಟು ವೈವಿಧ್ಯ, ಎಷ್ಟು ವೈವಿಧ್ಯ ಎಂದು ಬಾಯ್ತುಂಬ ಹೊಗಳಿದ್ದರು. ನೀಲಿ ಮೈಯ ಜನ, ಹಸಿರು ಮೈಯ ಜನ, ನಾಲ್ಕು ಕೈಯವರು, ತಗಡಿನ ಮೈಯವರು. ಕ್ಯಾಪ್ಟನ್ನಿನ ಚಿತ್ರದ ಮುಂದೆ ಮಾತ್ರ ಅವರಲ್ಲೊಬ್ಬಾಕೆ ತಲೆಯನ್ನು ಸ್ವಲ್ಪ ಓರೆ ಮಾಡಿ ನಿಂತಿದ್ದಳು. ಆ ಓರೆ ತಲೆ ಬಣ್ಣದಕ್ಕನ ಕಣ್ಣಿಗೆ ಆಗಲೇ ಬಿದ್ದಿತ್ತು. ಇವರೇ ಸಾಯಿಸಲು ಹೇಳಿರಬೇಕು ಎಂದು ಈಗ ಖಾತ್ರಿಯಾಯಿತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಕೇಳಿದ ಬಣ್ಣವನ್ನು ಕೊಡದೆ ಇರುವಂತಿರಲಿಲ್ಲ. ಅವಳು ಕೊಡದಿದ್ದರೆ ಇನ್ನೊಬ್ಬರು ಕೊಡುತ್ತಾರೆ. ಬಾಗಿಲು ಹಾಕಿಕೊಂಡು ಕೂತಳು. ಮೊದಲು ಕಸುಬಿನ ಪ್ರಕಾರವೇ ಮಾಡಿದಳು: ಹುಟ್ಟುಬಣ್ಣದಿಂದ ಕೆಂಪು ತೆಗೆದು, ಜೇನು ತೆಗೆದು, ಬೂದಿ ಬೆರೆಸಿದಳು. ಪರದೆಯ ಮೇಲೆ ತಂಗಿಯ ಹೆಣ ಬಿದ್ದುಕೊಂಡಿತು. ಒಂದು ಕ್ಷಣವೂ ನೋಡಲಾಗದೆ ಮುಖ ತಿರುಗಿಸಿದಳು. ಎಷ್ಟೋ ಪಾತ್ರಗಳನ್ನು ಇದೇ ಕೈ ಬೂದಿ ಮಾಡಿತ್ತು, ಆಗೆಲ್ಲ ಏನೂ ಅನ್ನಿಸಿರಲಿಲ್ಲ.

ಸತ್ತರೂ ಚೆನ್ನಾಗಿ ಸಾಯಲಿ, ನಿದ್ದೆ ಮಾಡಿದ ಹಾಗೆ ಕಾಣಲಿ ಎಂದುಕೊಂಡು ಬೂದಿಯನ್ನು ಅಷ್ಟಷ್ಟಾಗಿ ತೆಗೆದಳು. ತಿಳಿಯಾಗಿರಬೇಕು ಎಂದಿದ್ದಾರೆ, ಆಗಲಿ. ಆದರೆ ಕೆನ್ನೆಗೆ ಒಂದು ಚೂರು ಗುಲಾಬಿ ಇಟ್ಟರೆ ಯಾರ ಗಂಟು ಹೋಗುತ್ತದೆ? ಇಟ್ಟಳು. ತುಟಿಗೆ ಇನ್ನೊಂದು ಚೂರು. ಹಣೆಯ ಮೇಲೆ ಬೆಳಗಿನ ಹಾಲಿನಂಥ ಒಂದು ಹೊಳಪು. ಅಳುತ್ತ ಅಳುತ್ತ ಮಾಡಿದ ಆ ಬಣ್ಣ ಮುಗಿಯುವ ಹೊತ್ತಿಗೆ ಹೆಣ ಹೆಣವಾಗಿರಲಿಲ್ಲ. ತಿಳಿಯಾದ, ನುಣುಪಾದ, ಈಗಷ್ಟೇ ಸ್ನಾನ ಮಾಡಿ ಮಲಗಿದಂಥ ಮುಖವಾಗಿತ್ತು.

ಅದನ್ನು ಒಯ್ದ ಗಾಳಿ ಸ್ವಲ್ಪ ಹೊತ್ತಿಗೇ ಓಡುತ್ತ ಬಂದ. "ಅಕ್ಕಾ, ಮೇಷ್ಟ್ರು ಫುಲ್ ಖುಷಿ! ಕುರ್ಚಿಯಿಂದ ಎದ್ದೇಬಿಟ್ರು. ಇದೇ ನೋಡು ನಾನು ಕೇಳಿದ್ದು ಅಂದ್ರು."

ಹೆಣದ ಬಣ್ಣ ನೋಡಿ ಕುಣಿಯುವ ಮನುಷ್ಯ! ಬಣ್ಣದಕ್ಕನ ತಾಳ್ಮೆಯ ಕಟ್ಟೆ ಒಡೆಯಿತು. ಚಪ್ಪಲಿ ಮೆಟ್ಟಿ ನೇರ ಮೇಷ್ಟ್ರ ಕೋಣೆಗೆ ನುಗ್ಗಿದಳು.

"ಆ ಬಣ್ಣ ಯಾತಕ್ಕೆ ಅಂತ ನನಗೆ ಗೊತ್ತಾಗಿದೆ."

ಮೇಷ್ಟ್ರ ಮುಖ ಪೆಚ್ಚಾಯಿತು. ಕೈಯಲ್ಲಿದ್ದ ಪೆನ್ಸಿಲನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. "ಗೊತ್ತಾಯ್ತಾ? ಯಾರು ಹೇಳಿದ್ರು?"

"ಯಾರೂ ಹೇಳಬೇಕಾಗಿಲ್ಲ. ಇಷ್ಟು ವರ್ಷ ಬಣ್ಣ ಕಲಸಿದ್ದೀನಿ, ನನ್ನ ಕಿವಿ ಮೇಲೆ ಹೂ ಇಡಬೇಡಿ."

"ನಿಮಗೆ ಬೇಜಾರಾಗುತ್ತೆ ಅಂತಾನೇ ಹೇಳಿರಲಿಲ್ಲಮ್ಮ. ನನ್ನ ಇಷ್ಟದಿಂದ ಮಾಡ್ತಿರೋದಲ್ಲ. ಕೊಳ್ಳೋರು ಸ್ಟುಡಿಯೋ ಯಜಮಾನರ ಹತ್ರ ಹೇಳಿದ್ದಾರೆ, ಯಜಮಾನರು ನನಗೆ ಹೇಳಿದ್ದಾರೆ. ನನ್ನ ಕೈ ಕಟ್ಟಿಹಾಕಿದ್ದಾರೆ."

ತನ್ನ ಅನುಮಾನ ಅಕ್ಷರ ಅಕ್ಷರವೂ ನಿಜವಾದದ್ದನ್ನು ಕಂಡು ಅವಳಿಗೆ ಆ ಸಂಕಟದಲ್ಲೂ ಒಂದು ಬಗೆಯ ಸಮಾಧಾನವಾಯಿತು. ಇಷ್ಟು ವರ್ಷ ಯಾರಿಗೂ ಕೈ ಒಡ್ಡದವಳು ಕೈ ಮುಗಿದಳು.

"ಮೇಷ್ಟ್ರೇ, ಅವಳು ನನ್ನ ತಂಗಿ. ನಿಮಗೂ ಗೊತ್ತು. ಅವಳನ್ನ ಸಾಯಿಸಬೇಡಿ. ಕೊನೇ ತನಕ ಬದುಕಿರಲಿ, ಗೆಲ್ಲಲಿ. ಅದೊಂದು ನಡೆಸಿಕೊಡಿ, ಉಳಿದದ್ದು ನಿಮಗೆ ಹೇಗೆ ಬೇಕೋ ಹಾಗೆ ಮಾಡ್ಕೊಳ್ಳಿ, ನಾನು ಒಂದು ಮಾತೂ ಆಡಲ್ಲ."

ಮೇಷ್ಟ್ರು ಏನೋ ಹೇಳಲು ಬಾಯಿ ತೆರೆದು ಮತ್ತೆ ಮುಚ್ಚಿದರು. ಆಮೇಲೆ ಅವರ ಭುಜ ಕೆಳಗಿಳಿಯಿತು.

"ಬದುಕಿಸೋದು ತಾನೆ? ಅಷ್ಟೇನಾ? ಆಯ್ತಮ್ಮ. ಸಾಯಲ್ಲ. ಮಾತು ಕೊಟ್ಟಿದ್ದೀನಿ."

ಇಷ್ಟು ಸಲೀಸಾಗಿ ಯಾರಾದರೂ ಯಾವುದಕ್ಕಾದರೂ ಒಪ್ಪಿದರೆ ಬಣ್ಣದಕ್ಕ ಅಲ್ಲೇ ನಿಂತು ಬುಡ ಕೆದಕುವವಳು. ಆ ದಿನ ಕೆದಕಲಿಲ್ಲ. ಬೇಕಾದದ್ದು ಸಿಕ್ಕಿದಾಗ ಎಂಥ ಅನುಮಾನದ ಪ್ರಾಣಿಗೂ ಕಣ್ಣಿಗೆ ಮಂಪರು ಬರುತ್ತದೆ. ಮನೆಗೆ ಸಿಹಿ ತೆಗೆದುಕೊಂಡು ಹೋದಳು. ತಂಗಿ ಬಾಯಲ್ಲಿ ಸಿಹಿ ಇಟ್ಟುಕೊಂಡೇ ಡಿಪೋದ ಗೆಳತಿಗೆ ಫೋನು ಹಚ್ಚಿ, "ಬದುಕ್ತೀನಂತೆ ಕಣೆ! ಗೆಲ್ತೀನಂತೆ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದಳು.

ಆ ಖುಷಿ ಬಾಳಿದ್ದು ಸ್ವಲ್ಪ ದಿನ. ಹೊರಗಿನ ಕಂಪನಿಗೆ ಬಣ್ಣ ತುಂಬಲು ಕೊಟ್ಟಿದ್ದ ದೃಶ್ಯಗಳು ಒಂದೊಂದಾಗಿ ವಾಪಸು ಬರತೊಡಗಿದವು. ಒಂದು ಬೆಳಗ್ಗೆ ಬಣ್ಣದಕ್ಕ ಪರದೆ ತೆರೆದರೆ, ಕ್ಯಾಪ್ಟನ್ ಹಡಗಿನ ಚಕ್ರ ಹಿಡಿದು ಆಜ್ಞೆ ಕೊಡುತ್ತಿದ್ದಾಳೆ. ಬದುಕಿದ್ದಾಳೆ, ಓಡಾಡುತ್ತಿದ್ದಾಳೆ, ಬೈಯುತ್ತಿದ್ದಾಳೆ. ಆದರೆ ಮೈಮೇಲೆ ಆ ಬಣ್ಣ. ಹೆಣದ ಬಣ್ಣ.

ಎಂಥ ಕತ್ತೆಗಳಪ್ಪ, ಹಾಳೆ ಅದಲುಬದಲು ಮಾಡಿಕೊಂಡಿದ್ದಾರೆ ಎಂದು ಬೈದುಕೊಂಡು ಮುಂದಿನದನ್ನು ತೆರೆದಳು. ಅದರಲ್ಲೂ ಅದೇ. ಊಟದ ಕೋಣೆಯಲ್ಲಿ ನಗುತ್ತಿರುವ ದೃಶ್ಯ ತೆರೆದಳು. ಅದಕ್ಕೆ ಅವಳೇ ಹಿಂದಿನ ವರ್ಷ ಸರಿಯಾದ ಬಣ್ಣ ಕೊಟ್ಟು ಮುಗಿಸಿದ್ದಳು. ಅಲ್ಲೂ ಕ್ಯಾಪ್ಟನ್ ಬೆಳ್ಳಗೆ, ನುಣ್ಣಗೆ, ಕೆನ್ನೆಯಲ್ಲಿ ಒಂದು ಚೂರು ಗುಲಾಬಿ ಇಟ್ಟುಕೊಂಡು ನಗುತ್ತಿದ್ದಳು.

ಈ ಸಲ ಮೇಷ್ಟ್ರ ಕೋಣೆಗೆ ನುಗ್ಗಲಿಲ್ಲ. ಮೆಲ್ಲಗೆ ನಡೆದುಕೊಂಡು ಹೋಗಿ ಬಾಗಿಲಲ್ಲಿ ನಿಂತಳು.

"ಮೇಷ್ಟ್ರೇ, ಬದುಕಿರೋ ಸೀನಿಗೆಲ್ಲ ಸತ್ತ ಬಣ್ಣ ಹಾಕಿದ್ದಾರೆ."

"ಸತ್ತ ಬಣ್ಣನಾ?" ಮೇಷ್ಟ್ರಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. "ನಾನು ಸತ್ತ ಬಣ್ಣ ಯಾವಾಗ ಕೇಳ್ದೆ?"

"ಬೆಳಕು ಹೇಳದೆ ಕೇಳಿದ್ರಲ್ಲ."

"ಹುಟ್ಟುಬಣ್ಣಕ್ಕೆ ಯಾರಮ್ಮ ಬೆಳಕು ಹೇಳ್ತಾರೆ? ಬೇರೆ ಹುಟ್ಟುಬಣ್ಣ ಬೇಕಿತ್ತು, ಕೇಳ್ದೆ. ಎಲ್ಲ ಗೊತ್ತಾಗಿದೆ ಅಂತ ನೀವೇ ಬಂದು ಹೇಳಿದ್ರಿ, ಒಪ್ಪಿಕೊಂಡೂ ಹೋದ್ರಿ. ಬದುಕಿದ್ರೆ ಸಾಕು, ಉಳಿದದ್ದು ಏನಾದ್ರೂ ಮಾಡ್ಕೊಳ್ಳಿ ಅಂದ್ರಿ. ನಿಮ್ಮ ಮನಸ್ಸು ಎಷ್ಟು ದೊಡ್ಡದು ಅಂತ ನಾನು ಮನೆಯಲ್ಲೂ ಹೇಳ್ದೆ. ನಿಜ ಹೇಳಲಾ? ಅವಳನ್ನ ಸಾಯಿಸೋ ಯೋಚನೆ ನನಗೆ ಬಂದೇ ಇರಲಿಲ್ಲ."

ಬಣ್ಣದಕ್ಕ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

ಮೇಷ್ಟ್ರು ಎಂದಿನಂತೆ ವಿವರಿಸಲು ಶುರುಮಾಡಿದರು. ಕೊಳ್ಳುವವರಿಗೆ ಕ್ಯಾಪ್ಟನ್ ತುಂಬ ಹಿಡಿಸಿದ್ದಾಳಂತೆ. ಪೋಸ್ಟರಿನ ನಡುವೆ ಅವಳನ್ನೇ ನಿಲ್ಲಿಸುತ್ತಾರಂತೆ. ಆದರೆ ಪೋಸ್ಟರಿನ ನಡುವೆ ನಿಲ್ಲುವವಳು ಸ್ವಲ್ಪ ಎಲ್ಲರಿಗೂ ಹತ್ತಿರವಾಗುವ ಹಾಗಿರಬೇಕಂತೆ. "ಹಾವೂ ಸಾಯಬಾರದು, ಕೋಲೂ ಮುರೀಬಾರದು ನೋಡಿ, ನನ್ನ ಕಷ್ಟ ಅದು. ಅವಳೇ ತಾನೆ? ಅದೇ ಮೂಗು, ಅದೇ ತುಟಿ, ಅದೇ ಗತ್ತು. ಬಣ್ಣ ಒಂದೇ ತಾನೆ ಬದಲಾಗಿದ್ದು?"

ಬಣ್ಣ ಒಂದೇ ತಾನೆ ಎಂಬ ಮಾತನ್ನು ಬಣ್ಣದಕ್ಕನ ಮುಂದೆ ಅದುವರೆಗೆ ಯಾರೂ ಆಡಿರಲಿಲ್ಲ.

"ನೀಲಿ ಮೈ ನಡೆಯುತ್ತೆ," ಎಂದಳು. "ಹಸಿರು ಮೈ ನಡೆಯುತ್ತೆ. ತಗಡು ನಡೆಯುತ್ತೆ. ಲೋಕದಲ್ಲಿ ಇಲ್ಲದ ಬಣ್ಣ ಎಲ್ಲ ನಡೆಯುತ್ತೆ. ನಮ್ಮಮ್ಮನ ಬಣ್ಣ ಮಾತ್ರ ಕಣ್ಣಿಗೆ ಚುಚ್ಚುತ್ತೆ, ಅಲ್ವಾ?"

ಮೇಷ್ಟ್ರು ಪೆನ್ಸಿಲ್ ತೆಗೆದು ಕೆತ್ತತೊಡಗಿದರು. "ನೀವು ಕೊಟ್ಟ ಬಣ್ಣ ಅಷ್ಟು ಚೆನ್ನಾಗಿಲ್ಲದೆ ಹೋಗಿದ್ರೆ ನಾನೇ ಬೇಡ ಅಂದುಬಿಡ್ತಿದ್ದೆನೋ ಏನೋ. ಅದರಲ್ಲಿ ಜೀವ ಇತ್ತಮ್ಮ" ಎಂದರು. ಹೊಗಳಿಕೆ ಎಂದೇ ಹೇಳಿದರು, ಪಾಪ.

ಹಳೆಯ ಬಣ್ಣ ವಾಪಸು ಹಾಕಿ ಎಂದು ಜಗಳವಾಡಿದಳು. ಸಾಧ್ಯವಿಲ್ಲ ಎಂದರು. ಯಜಮಾನರ ಬಳಿ ಹೋದಳು. ಅವರು ಕುರ್ಚಿ ಕೊಟ್ಟು, ನೀರು ಕೊಟ್ಟು, ನೀವು ಹೇಳುವುದು ನೂರಕ್ಕೆ ನೂರು ಸರಿ ಎಂದು ಹೇಳಿ ಕಳಿಸಿದರು. ಏನೂ ಬದಲಾಗಲಿಲ್ಲ. ಮೂಗಣ್ಣ ಒಂದು ದಿನ ಮೆಟ್ಟಿಲ ಮೇಲೆ ಸಿಕ್ಕಿ, "ನನಗೆ ಮೊದಲೇ ಗೊತ್ತಿತ್ತು ಅಕ್ಕಾ, ಹೇಳೋಕೆ ಬಾಯಿ ಬರಲಿಲ್ಲ" ಎಂದು ತಲೆ ತಗ್ಗಿಸಿದ. ಅವನ ಮೇಲೆ ರೇಗಲು ಅವಳಿಗೆ ಶಕ್ತಿ ಉಳಿದಿರಲಿಲ್ಲ. ಆ ಗುಲಾಬಿ, ಆ ಹೊಳಪು, ಎಲ್ಲ ಅವಳೇ ಕೈಯಾರೆ ಇಟ್ಟದ್ದು.

ತಂಗಿಗೆ ಹೇಗೆ ಹೇಳುವುದು? ಇವತ್ತು ಹೇಳುತ್ತೇನೆ, ಊಟ ಆದ ಮೇಲೆ ಹೇಳುತ್ತೇನೆ ಎಂದು ಪ್ರತಿದಿನ ಬಾಯಿ ತೆರೆದು ಪ್ರತಿದಿನ ಮುಚ್ಚಿದಳು. ಈಗ ಅನುಮಾನದ ರೋಗ ತಂಗಿಗೆ ಅಂಟಿತು.

"ಏನೋ ಮುಚ್ಚಿಡ್ತಿದ್ದೀಯ ನೀನು. ಸಾಯಿಸಿಬಿಟ್ರಾ?"

"ಇಲ್ಲ ಕಣೆ. ಸಾಯಲ್ಲ."

"ಕೈ ಹೋಗುತ್ತಾ? ಕಾಲು? ಕಣ್ಣು ಕಿತ್ತು ಹಾಕ್ತಾರಾ?"

"ಏನೂ ಆಗಲ್ಲ. ಗೆಲ್ತೀಯ."

"ನನ್ನ ಮುಟ್ಟಿ ಹೇಳು."

ಬಣ್ಣದಕ್ಕ ತಂಗಿಯ ಕೆನ್ನೆ ಮುಟ್ಟಿ ಹೇಳಿದಳು. ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ.

ಸಿನಿಮಾ ಮುಗಿದ ಮೇಲೆ ಕೆಲಸ ಮಾಡಿದವರಿಗೂ ಅವರ ಕಡೆಯವರಿಗೂ ಒಂದು ಮಧ್ಯಾಹ್ನ ದೊಡ್ಡ ಥಿಯೇಟರಿನಲ್ಲಿ ತೋರಿಸಿದರು. ಪೋಸ್ಟರು ಇನ್ನೂ ಅಚ್ಚಾಗಿರಲಿಲ್ಲ. ತಂಗಿ ಹೊಸ ಬಟ್ಟೆ ಹಾಕಿಕೊಂಡು ಬಂದಿದ್ದಳು. ಹಿಂದಿನ ಸಾಲಿನ ತುಂಬ ಡಿಪೋ: ಕಂಡಕ್ಟರುಗಳು, ಮೆಕ್ಯಾನಿಕ್ಕುಗಳು, ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡ ಹೆಂಗಸರು, ಡ್ಯೂಟಿಯಿಂದ ನೇರ ಬಂದ ಯೂನಿಫಾರಮ್ಮಿನವರು. ಎಲ್ಲ ಅವಳನ್ನು ಚೆನ್ನಾಗಿ ಬಲ್ಲ ಜನ. ದೀಪ ಆರುವ ಮುಂಚೆ ಬಣ್ಣದಕ್ಕ ತಂಗಿಯ ಕೈ ಹಿಡಿದು, "ನೋಡು, ಒಂದು ವಿಷಯ..." ಎಂದಳು. "ಶ್, ಶುರುವಾಯ್ತು" ಎಂದಳು ತಂಗಿ.

ಯುದ್ಧ ಶುರುವಾಯಿತು. ಹಡಗುಗಳು ಹಾರಿದವು. ಕ್ಯಾಪ್ಟನ್ ಬಾಗಿಲು ತಳ್ಳಿಕೊಂಡು ಒಳಗೆ ಬಂದಳು, ಚಕ್ರ ಹಿಡಿದಳು, ಅಡ್ಡ ಬಂದ ಹಡಗಿನವನ ಜನ್ಮ ಜಾಲಾಡಿದಳು. ಥಿಯೇಟರು ನಕ್ಕಿತು. ಬಣ್ಣದಕ್ಕ ತೆರೆಯನ್ನು ನೋಡಲಿಲ್ಲ. ತಂಗಿಯ ಮುಖವನ್ನೇ ನೋಡುತ್ತಿದ್ದಳು. ಈಗ ತಿಳಿಯುತ್ತದೆ, ಈಗ ನನ್ನ ಕಡೆ ತಿರುಗುತ್ತಾಳೆ, ಈಗ ಬೈಯುತ್ತಾಳೆ ಎಂದು ಕಾದಳು. ಬೈಗುಳಕ್ಕೆ ಅವಳು ತಯಾರಾಗಿದ್ದಳು. ಎಷ್ಟು ಬೈದರೂ ಕೇಳಿಸಿಕೊಳ್ಳುತ್ತೇನೆ, ಎಲ್ಲರೆದುರು ಕಾಲಿಗೆ ಬೇಕಾದರೂ ಬೀಳುತ್ತೇನೆ ಎಂದುಕೊಂಡಿದ್ದಳು.

ತಂಗಿ ಸಂತೋಷವಾಗಿಯೇ ಸಿನಿಮಾ ನೋಡುತ್ತಿದ್ದಳು. ನೀಲಿಯವರು ಬಂದರು, ಹಸಿರಿನವರು ಬಂದರು, ನಾಲ್ಕು ಕೈಯವರು ಸತ್ತರು. ಒಬ್ಬೊಬ್ಬರು ಹೊಸಬರು ತೆರೆಗೆ ಬಂದಾಗಲೂ ಅವಳು ಸ್ವಲ್ಪ ಮುಂದಕ್ಕೆ ಬಾಗಿ, ಮತ್ತೆ ಹಿಂದಕ್ಕೆ ಒರಗುತ್ತಿದ್ದಳು. ಹಿಂದಿನ ಸಾಲಿನಿಂದ ಯಾರೋ ಅವಳ ಭುಜ ತಟ್ಟಿ ಏನೋ ಪಿಸುಗುಟ್ಟಿದರು. ಅವಳು ತಿರುಗಿ, "ಇರ್ರೋ, ಇನ್ನೇನು ಬರ್ತೀನಿ, ಸ್ವಲ್ಪ ತಾಳ್ಮೆ ಬೇಡ್ವಾ?" ಎಂದು ಗದರಿದಳು. ಸಾಲಿಗೆ ಸಾಲೇ ಸುಮ್ಮನಾಗಿ ಕಾಯುತ್ತ ಕೂತಿತು.

ಆಮೇಲೆ ಅಕ್ಕನ ಕಿವಿಯ ಹತ್ತಿರ ಬಾಗಿ, ಅವರಿಗೆ ಕೇಳಿಸದ ಹಾಗೆ, ಸ್ವಲ್ಪ ಸಂಕೋಚದಿಂದ ಕೇಳಿದಳು: "ಅಕ್ಕಾ, ಅರ್ಧ ಮುಗೀತಾ ಬಂತಲ್ಲ, ಇನ್ನೂ ಈ ಬೆಳ್ಳಗಿರೋಳ ಹಡಗೇ ಓಡ್ತಿದೆ. ನಾನು ಬರೋದು ಯಾವಾಗ?"

ತೆರೆಯ ಮೇಲೆ ಕ್ಯಾಪ್ಟನ್ ಊಟದ ಕೋಣೆಯಲ್ಲಿ ಜೋಕು ಹೇಳಿ ಎಲ್ಲರನ್ನೂ ನಗಿಸುತ್ತಿದ್ದಳು. ತಂಗಿಯೂ ನಕ್ಕಳು. ಬಣ್ಣದಕ್ಕ ಅವಳ ಕೈಯನ್ನು ಬಿಡದೆ ಹಿಡಿದುಕೊಂಡು ಕೂತಳು.